ಬದುಕು ಮಗ್ಗುಲು ಬದಲಿಸಿದಾಗ

ನಿವೃತ್ತಿಯ ದಿನ ಗಂಧದ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ಬರುತ್ತವೆ. ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಹೋಗಬೇಕಾದ ಜಾಗ ಮಾತ್ರ ಇರುವುದಿಲ್ಲ. ಅಮೆರಿಕದ ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರೇ 1967ರಲ್ಲಿ ಬದುಕಿನ 43 ಘಟನೆಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಹೊಂದಿಕೊಳ್ಳಲು ಎಷ್ಟು ಶ್ರಮ ಬೇಕೆಂದು ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73, ನಿವೃತ್ತಿಗೆ 45. ಮದುವೆಗೆ ಸಿಕ್ಕಿದ್ದು ನಿವೃತ್ತಿಗಿಂತಲೂ ಹೆಚ್ಚು, 50. ಅಂಕಗಳು ನಮ್ಮ ಮನೆಗಳಿಗೆ ಹಾಗೆಹಾಗೇ ಒಪ್ಪಬೇಕೆಂದಿಲ್ಲ. ಆದರೆ ಸಂತೋಷದ ಬದಲಾವಣೆಯೂ ಮನಸ್ಸಿಗೆ ಹೊರೆಯೇ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಮದುವೆಯಾಗಿ ಹೊಸ ಊರಿಗೆ ಬಂದ ಹೆಣ್ಣುಮಗಳಿಗೆ ಅಡುಗೆಮನೆಯ ಡಬ್ಬಿಗಳ ಜಾಗದಿಂದ ಹಿಡಿದು ತನ್ನ ಸ್ಥಾನದವರೆಗೆ ಎಲ್ಲವೂ ಹೊಸದು.

ಇದಕ್ಕೆಲ್ಲ ಆಪ್ತಸಮಾಲೋಚಕರು ಯಾಕೆ, ಮನೆಯವರಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಹೆಚ್ಚಿನ ಜನರನ್ನು ಕಷ್ಟದಿಂದ ದಾಟಿಸುವುದು ಬಂಧುಬಳಗವೇ. ಆದರೆ ಮನೆಯವರು ಅದೇ ಬದಲಾವಣೆಯ ಸುಳಿಯೊಳಗೆ ಇರುತ್ತಾರೆ. ತಂದೆ ತೀರಿಕೊಂಡ ಮನೆಯಲ್ಲಿ ಮಗ ನೊಂದಾನೆಂದು ತಾಯಿ ಕಣ್ಣೀರು ನುಂಗುತ್ತಾಳೆ, ತಾಯಿ ಕುಸಿದಾಳೆಂದು ಮಗ ನುಂಗುತ್ತಾನೆ. ಇಬ್ಬರೂ 'ಧೈರ್ಯ ತಂದುಕೋ' ಎನ್ನುತ್ತಾರೆ, ಇಬ್ಬರ ಮಾತೂ ಗಂಟಲಲ್ಲೇ ಉಳಿಯುತ್ತದೆ. ಸಮಾಲೋಚಕರ ಮುಂದೆ ಯಾರನ್ನೂ ಕಾಪಾಡಬೇಕಿಲ್ಲ. ತೀರಿಹೋದವರ ಮೇಲಿನ ಸಿಟ್ಟನ್ನೂ ಅಲ್ಲಿ ಹೇಳಬಹುದು.

ಹಾಗಾದರೆ ಅದು ಬರೀ ಮಾತೇ? ಈ ಅನುಮಾನಕ್ಕೆ ಗೋವಾದಲ್ಲಿ ನಡೆದ ಒಂದು ಪ್ರಯೋಗ ಒಳ್ಳೆಯ ಉತ್ತರ ಕೊಡುತ್ತದೆ. ಖಿನ್ನತೆ ಗಾಢವಾಗಿದ್ದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗುರುತಿಸಿ, ಮನಶ್ಶಾಸ್ತ್ರದ ಪದವಿಯಿಲ್ಲದೆ ಈ ಕೆಲಸಕ್ಕೆಂದೇ ತರಬೇತಿ ಪಡೆದ ಸ್ಥಳೀಯರು ಆರರಿಂದ ಎಂಟು ಭೇಟಿಗಳಲ್ಲಿ ಸಮಾಲೋಚನೆ ನಡೆಸಿದರು. 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಮೂರು ತಿಂಗಳಲ್ಲಿ ಅವರಲ್ಲಿ ಶೇ. 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಸಮಾಲೋಚನೆ ಸಿಗದೆ ಉಳಿದ ಆರೈಕೆಯಷ್ಟೇ ಪಡೆದವರಲ್ಲಿ ಶೇ. 39. ಅಲ್ಲಿ ನಡೆದದ್ದು ಉಪದೇಶವಲ್ಲ. ಕುಗ್ಗಿದ ಮನುಷ್ಯ ಒಂದೊಂದೇ ಕೆಲಸ ಬಿಡುತ್ತಾನೆ, ಬಿಟ್ಟಷ್ಟೂ ಕುಗ್ಗುತ್ತಾನೆ. ಈ ಗಾಣ ನಿಲ್ಲಿಸಲು ಬಿಟ್ಟುಹೋದ ಸಣ್ಣ ಕೆಲಸಗಳನ್ನು ಒಟ್ಟಿಗೆ ಗುರುತಿಸಿ, ದಿನ ಗೊತ್ತುಮಾಡಿ, ಮುಂದಿನ ಭೇಟಿಯಲ್ಲಿ ಏನಾಯಿತೆಂದು ವಿಚಾರಿಸುವುದೇ ಅದರ ತಿರುಳು. ನಿವೃತ್ತರ ಹತ್ತು ಗಂಟೆಯ ಖಾಲಿತನವನ್ನು ತುಂಬುವ ದಾರಿಯೂ ಇಂಥದ್ದೇ ಎಂದು ನನಗನ್ನಿಸುತ್ತದೆ: ಸಂಜೆಯ ನಡಿಗೆಗೆ ಒಬ್ಬ ಜೊತೆಗಾರ, ವಾರಕ್ಕೆರಡು ದಿನ ಗ್ರಂಥಾಲಯ, ಮೊಮ್ಮಗಳ ಲೆಕ್ಕದ ಪಾಠ.

ಇಷ್ಟಾಗಿ, ದುಃಖವಾದವರೆಲ್ಲ ಸಮಾಲೋಚನೆಗೆ ಹೋಗಬೇಕೆಂಬ ಉತ್ಸಾಹವೂ ತಪ್ಪು. ದುರಂತ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ ಒಂದೇ ಸಲಕ್ಕೆ ಕಂಡದ್ದನ್ನೆಲ್ಲ ಹೇಳಿಸುವ ಪದ್ಧತಿಯಿಂದ ಮುಂದಿನ ಮಾನಸಿಕ ತೊಂದರೆ ತಪ್ಪಲಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಅಳುವುದು ರೋಗವಲ್ಲ, ಅದಕ್ಕೆ ಕಾಲವೂ ಬೇಕು. ಆದರೆ ವಾರಗಳು ಕಳೆದರೂ ನಿದ್ದೆ, ಊಟ, ಕೆಲಸ ದಾರಿಗೆ ಬರದಿದ್ದರೆ, ಕುಡಿತ ಏರುತ್ತಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಸಾಯುವ ಯೋಚನೆ ಸುಳಿದರಂತೂ ಅಂದೇ ನೆರವು ಬೇಕು.

ಖರ್ಚಿನ ಆತಂಕ ನಿಜವಾದದ್ದು. ಖಾಸಗಿ ಸಮಾಲೋಚಕರ ಶುಲ್ಕ ಎಲ್ಲರ ಕೈಗೆಟುಕುವುದಿಲ್ಲ, ನುರಿತವರು ಹೆಚ್ಚಾಗಿ ನಗರಗಳಲ್ಲೇ ಇದ್ದಾರೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಈ ಕೊರತೆಯನ್ನು ಸ್ವಲ್ಪ ತುಂಬುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆಯ ಹೆಸರು ಗೊತ್ತಿರಬೇಕಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಶುರುಮಾಡಿದರೂ ಸಾಕು.