ಧಾರಣೆಯ ಏರಿಳಿತ: ಏರಿದಾಗಲೇ ಎಚ್ಚರ



ಅಭಿವೃದ್ಧಿಶೀಲ ದೇಶದ ಆರ್ಥಿಕತೆಯಲ್ಲಿ ಏಳಿಗೆಯೂ ಮುಗ್ಗಟ್ಟೂ ಸರದಿಯಂತೆ ಬರುತ್ತವೆ. ಪರದೇಶದ ಮಾರುಕಟ್ಟೆಯನ್ನು ನಂಬಿದ ಕಾಫಿಯಲ್ಲಿ ಇದು ಎದ್ದು ಕಾಣುತ್ತದೆ.

1975ರ ಜುಲೈನಲ್ಲಿ ಬ್ರೆಜಿಲ್‌ನ ಕಾಫಿ ಗಿಡಗಳು ಹಿಮಕ್ಕೆ ಸುಟ್ಟವು. 1977ರಲ್ಲಿ ಧಾರಣೆ ಗಗನಕ್ಕೇರಿತು. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ರಫ್ತು ಕೋಟಾ ನಿಂತೊಡನೆ ಕುಸಿಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಮತ್ತೆ ಹಿಮ ಬಿದ್ದು ಬೆಲೆ ಏರಿತು. ಆ ದಶಕದಲ್ಲಿ ವಿಯೆಟ್ನಾಂನಲ್ಲಿ ನೆಟ್ಟ ತೋಟಗಳು ಫಸಲಿಗೆ ಬಂದಂತೆ, 2001ರ ಹೊತ್ತಿಗೆ ಧಾರಣೆ ನೆಲಕಚ್ಚಿತು. ಕೊಡಗು, ಹಾಸನ, ಚಿಕ್ಕಮಗಳೂರುಗಳ ಅನೇಕ ಬೆಳೆಗಾರರು ಸಾಲದಲ್ಲಿ ಸಿಲುಕಿದರು.

ಕಾರಣ ಸರಳ. ಬೆಲೆ ಕಂಡು ನೆಟ್ಟ ಕಾಫಿಗೆ ಫಸಲು ಬರಲು ಮೂರು ನಾಲ್ಕು ವರ್ಷ ಬೇಕು; ಅಡಿಕೆಗೆ ಇನ್ನೂ ಹೆಚ್ಚು. ಎಲ್ಲರೂ ಒಟ್ಟಿಗೆ ನೆಟ್ಟದ್ದು ಒಟ್ಟಿಗೇ ಮಾರುಕಟ್ಟೆಗೆ ಬರುತ್ತದೆ. ಬೆಲೆ ಬಿದ್ದಾಗ ಗೊಬ್ಬರ, ಕಪಾತು ನಿಲ್ಲುತ್ತವೆ. ಇಳುವರಿ ತಗ್ಗಿ ಪುನಃ ಕೊರತೆ, ಪುನಃ ಏರಿಕೆ.

ಅಡಿಕೆಯೂ ಇದಕ್ಕೆ ಹೊರತಲ್ಲ. 1970ರ ದಶಕದ ಆರಂಭದಲ್ಲಿ ಅದರ ಬೆಲೆ ಕುಸಿದದ್ದರಿಂದಲೇ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು.

2025ರ ಆರಂಭದಲ್ಲಿ ಕಾಫಿ ಧಾರಣೆ ದಾಖಲೆ ಮುಟ್ಟಿತು. ಇಂಥ ವರ್ಷದಲ್ಲಿ ಬೆಟ್ಟದಪುರ ಸೀಮೆಯ ಸಣ್ಣ ಹಿಡುವಳಿದಾರರು ಮೊದಲು ಹಳೆಯ ಸಾಲ ತೀರಿಸಬೇಕು. ಒಂದು ಪಾಲನ್ನು ಸಂಘದಲ್ಲಿ ಠೇವಣಿಯಿಡಬೇಕು. ಏರಿದ ಧಾರಣೆಯನ್ನೇ ಲೆಕ್ಕಕ್ಕೆ ಹಿಡಿದು ಹೊಸ ಸಾಲ ಮಾಡಿದವನ ತೋಟ, ಧಾರಣೆ ಇಳಿದಾಗ ಅವನ ಕೈಯಲ್ಲಿ ಉಳಿಯುವುದು ಕಷ್ಟ.