ಬಿಟ್ಟ ಮೇಲಿನ ಮೂರು ವಾರ

ರಾತ್ರಿ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ಳುತ್ತಿದ್ದೆ. ಡೆಸ್ಕಿನ ಹುಡುಗ ಫೋನ್ ತಂದುಕೊಟ್ಟ. ಹುಣಸೂರು ಕಡೆಯ ಒಬ್ಬ ತಾಯಿ. "ಸಾರ್, ಟೀವೀಲಿ ಗಾಂಜಾ ತೋರುಸ್ತಿದ್ರಲ್ಲ. ನನ್ ಮಗ ಅದ ಬುಟ್ಟು ನಾಲ್ಕ್ ದಿನ ಆಯ್ತು. ಬುಟ್ಮ್ಯಾಲೇ ಜಾಸ್ತಿ ಕೆಟ್ಟೋಗವ್ನೆ. ಉಣ್ಣಕಿಲ್ಲ, ಮನಗಕಿಲ್ಲ, ಮಾತೆತ್ತುದ್ರೆ ರೇಗ್ತಾನೆ. ಬುಡ್ಸಿದ್ದೇ ತಪ್ಪಾಯ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಷ್ಟು ಕೆಜಿ ಸಿಕ್ಕಿತು, ಎಷ್ಟು ಲಕ್ಷದ ಮಾಲು, ಎಷ್ಟು ಜನ ಅರೆಸ್ಟ್ ಅಂತ ಅರ್ಧ ಗಂಟೆ ಹೇಳಿದ್ದೆ. ಬಿಡುವುದು ಹೇಗೆ ಅಂತ ಒಂದು ನಿಮಿಷವೂ ಹೇಳಿರಲಿಲ್ಲ. ಮಾರನೇ ದಿನ ವೈದ್ಯರನ್ನು ಕೇಳಿಕೊಂಡೇ ಆ ತಾಯಿಗೆ ಫೋನ್ ಮಾಡಿದೆ. ಅವತ್ತು ತಿಳಿದುಕೊಂಡದ್ದನ್ನು ಇವತ್ತು ನಿಮಗೂ ಹೇಳುತ್ತೇನೆ.

ನೋಡಿ, ನಮ್ಮ ಸ್ಟುಡಿಯೋದಲ್ಲಿ ಚರ್ಚೆಗೆ ಬಂದ ಅತಿಥಿ ಒಂದೇ ಸಮನೆ ಕಿರುಚಿದರೆ ಸೌಂಡ್ ಎಂಜಿನಿಯರ್ ಏನು ಮಾಡುತ್ತಾರೆ? ಮೈಕಿನ ವಾಲ್ಯೂಮ್ ಇಳಿಸುತ್ತಾರೆ. ಅವರು ಎದ್ದುಹೋದ ಮೇಲೆ ಅದೇ ಮೈಕಿನಲ್ಲಿ ಮೆತ್ತಗೆ ಮಾತಾಡುವವರು ಕೂತರೆ ಏನೂ ಕೇಳಿಸುವುದಿಲ್ಲ. ಮೆದುಳಿನಲ್ಲೂ ಆಗುವುದು ಇದೇ. ಗಾಂಜಾದಲ್ಲಿರುವ ಟಿಎಚ್‌ಸಿಯನ್ನು ಹೋಲುವಂತೆ ಕೆಲಸ ಮಾಡುವ ವಸ್ತು ನಮ್ಮ ಮೆದುಳಿನಲ್ಲೇ ಇದೆ. 1992ರಲ್ಲಿ ಜೆರುಸಲೇಮಿನ ವಿಜ್ಞಾನಿಗಳು ಅದನ್ನು ಪತ್ತೆ ಮಾಡಿ 'ಆನಂದಮೈಡ್' ಅಂತ ಹೆಸರಿಟ್ಟರು. ನಮ್ಮ 'ಆನಂದ'ವೇ ಅದು. ನಿದ್ದೆ, ಹಸಿವು, ಸಮಾಧಾನ ಇವುಗಳಲ್ಲಿ ಅದರ ಪಾತ್ರ ಇದೆ. ದಿನಾ ಗಾಂಜಾ ಸೇದಿದರೆ ಮೆದುಳು ತನ್ನ ವಾಲ್ಯೂಮನ್ನು ತಾನೇ ಇಳಿಸಿಕೊಳ್ಳುತ್ತದೆ. ಗಾಂಜಾ ನಿಲ್ಲಿಸಿದ ಮೇಲೆ ಒಳಗಿನ ಆನಂದದ ದನಿ ಕೇಳಿಸುವುದಿಲ್ಲ.

ಅದಕ್ಕೇ ಬಿಟ್ಟ ಒಂದೆರಡು ದಿನದಲ್ಲಿ ಸಿಡುಕು, ಬೆವರು, ನಿದ್ದೆಗೇಡು, ಊಟ ಸೇರದಿರುವುದು ಶುರುವಾಗುತ್ತದೆ. ಮೊದಲ ವಾರದಲ್ಲಿ ಅತಿ ಜೋರು. ಎರಡು ಮೂರು ವಾರಕ್ಕೆ ಬಹುತೇಕ ಇಳಿಯುತ್ತದೆ. ವಿಚಿತ್ರ ಕನಸು, ನಿದ್ದೆಯ ತೊಂದರೆ ಇನ್ನೂ ಸ್ವಲ್ಪ ದಿನ ಉಳಿಯಬಹುದು. ಸುಮಾರು ನಾಲ್ಕು ವಾರಕ್ಕೆ ವಾಲ್ಯೂಮ್ ಮತ್ತೆ ಸರಿಹೋಗುತ್ತದೆ ಅನ್ನುತ್ತದೆ ಸ್ಕ್ಯಾನಿಂಗ್ ಅಧ್ಯಯನ. ಅಂದರೆ ಆ ಹುಡುಗ ಕೆಟ್ಟುಹೋಗಿರಲಿಲ್ಲ, ರಿಪೇರಿ ಆಗುತ್ತಿದ್ದ. ಇದು ಗೊತ್ತಿಲ್ಲದೆ ಮನೆಯವರು ಹೆದರುತ್ತಾರೆ. ಹುಡುಗ 'ಇದಕ್ಕಿಂತ ಅದೇ ವಾಸಿ' ಅಂತ ವಾಪಸ್ ಹೋಗುತ್ತಾನೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯವರಿಗೆ ಇನ್ನೊಂದು ಮಾತು. ನಿಮ್ಮದು ವರ್ಜೀನಿಯಾ ತಂಬಾಕಿನ ಸೀಮೆ. ಗಾಂಜಾವನ್ನು ಬೀಡಿ, ಸಿಗರೇಟಿನ ಹೊಗೆಸೊಪ್ಪಿಗೆ ಬೆರೆಸಿ ಸೇದುವವನಿಗೆ ಎರಡು ಚಟ ಒಟ್ಟಿಗೆ ಅಂಟಿರುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಅದೇ ಗೆಳೆಯರ ಜೊತೆ, ಅದೇ ಕೆರೆ ಏರಿ ಮೇಲೆ ಸೇದಿದರೆ ಕೈ ತಾನಾಗಿ ಹಳೇ ಪೊಟ್ಟಣ ಹುಡುಕುತ್ತದೆ. ಬ್ಯಾರನ್ನಿಗೆ ಬೆಂಕಿ ಹಾಕುವ ಕಾಲದಲ್ಲಿ ರಾತ್ರಿಯೆಲ್ಲ ಎದ್ದಿರುವುದೇ ಕೆಲಸ. ನಿದ್ದೆಗೆಟ್ಟ ಹುಡುಗನನ್ನು ಮೊದಲ ಮೂರು ವಾರ ಅಲ್ಲಿ ಒಬ್ಬನೇ ಬಿಡಬೇಡಿ. ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರ, ರಾವಂದೂರಿನ ಹರಾಜು ಮುಗಿದು ಕೈಗೆ ದುಡ್ಡು ಬರುವ ದಿನಗಳಲ್ಲೂ ಹುಷಾರಾಗಿರಿ. ಗಾಂಜಾ ಬಿಟ್ಟು ಎಣ್ಣೆ ಹಿಡಿದರೆ ಅದು ಬಿಟ್ಟ ಹಾಗಲ್ಲ.

'ಆಸ್ಪತ್ರೆಗೆ ಹೋದರೆ ಪೊಲೀಸರು ಹಿಡೀತಾರಾ?' ಎಲ್ಲರ ಭಯ ಇದು. ಚಿಕಿತ್ಸೆಗೆ ಹೋಗುವುದು ಅಪರಾಧ ಅಲ್ಲವೇ ಅಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆ ಕಠಿಣ ಇದೆ, ನಿಜ. ಅದರಲ್ಲೇ 64ಎ ಅಂತ ಒಂದು ಕಲಂ ಇದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಸೇರಿದರೆ ಆ ವಿಚಾರಣೆಯಿಂದ ವಿನಾಯಿತಿ ಇದೆ. ಚಿಕಿತ್ಸೆಯನ್ನು ಮಾತ್ರ ಪೂರ್ತಿ ಮುಗಿಸಬೇಕು. ಮಾರುವವನಿಗೆ ಈ ಬಾಗಿಲಿಲ್ಲ.

ಹೋಗುವುದೆಲ್ಲಿಗೆ? ಮೊದಲು ಫೋನ್. 14416 ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆ 14446. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಅಂತ ವಿಚಾರಿಸಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಗಾಂಜಾ ಬಿಡಿಸುತ್ತೇನೆ ಅಂತ ಯಾರಾದರೂ ಪುಡಿ, ಮಾತ್ರೆ ಮಾರಿದರೆ ನಂಬಬೇಡಿ. ಅದಕ್ಕೆಂದೇ ಅನುಮೋದನೆ ಪಡೆದ ಔಷಧಿ ಇನ್ನೂ ಇಲ್ಲ. ಆಪ್ತಸಮಾಲೋಚನೆಯೇ ಮುಖ್ಯ ಚಿಕಿತ್ಸೆ. ನಿದ್ದೆಗೆ, ಆತಂಕಕ್ಕೆ ಏನಾದರೂ ಬೇಕಾದರೆ ವೈದ್ಯರು ಕೊಡುತ್ತಾರೆ. ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಅಂದರೆ, ಸಾಯುವ ಮಾತಾಡಿದರೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರಪಳಿ ಹಾಕಿ ಕೂಡಿಹಾಕಬೇಡಿ. ಮಾನಸಿಕ ಅಸ್ವಸ್ಥರನ್ನು ಸರಪಳಿಯಲ್ಲಿ ಬಂಧಿಸುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಬಿಡುವುದಕ್ಕಿಂತ ಬಿಟ್ಟೇ ಇರುವುದು ಕಷ್ಟ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ನಿಮಗೆ ಗೊತ್ತು. ಶಿಬಿರ ಮುಗಿದ ಮೇಲೆ ಅಲ್ಲಿ ನವಜೀವನ ಸಮಿತಿ ಅಂತ ಇರುತ್ತದೆ. ಕುಡಿತ ಬಿಟ್ಟವರು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಗಾಂಜಾಕ್ಕೂ ಬೇಕಾದದ್ದು ಇದೇ. ಸೇದಬೇಕು ಅನ್ನಿಸುವ ತಹತಹ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆಯಲ್ಲಿ ಫೋನ್ ಎತ್ತುವ ಒಬ್ಬ ಅಣ್ಣನೋ, ಮಾವನೋ, ಮೇಷ್ಟ್ರೋ ಸಾಕು. ಒಂದು ದಿನ ಜಾರಿದ ಅಂದರೆ ಎಲ್ಲ ಮುಗಿಯಿತು ಅಂತಲ್ಲ. ಯಾಕೆ ಜಾರಿದ, ಯಾರ ಜೊತೆ ಇದ್ದ ಅಂತ ಕೇಳಿ ಮತ್ತೆ ಶುರುಮಾಡಿ.

ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಗಾಂಜಾ, ಭಂಗಿ, ಚರಸ್‌ನಿಂದ ತೊಂದರೆಗೆ ಸಿಕ್ಕಿ ಸಹಾಯ ಬೇಕಾದವರು ದೇಶದಲ್ಲಿ ಸುಮಾರು 72 ಲಕ್ಷ. ನಾವು ಟೀವಿಯಲ್ಲಿ ತೋರಿಸುವುದು ಸಿಕ್ಕಿಬಿದ್ದವರನ್ನು ಮಾತ್ರ.

ಆ ತಾಯಿಗೆ ಇಷ್ಟೆಲ್ಲ ಹೇಳಿದೆ. "ತಪ್ಪೇನೂ ಆಗಿಲ್ಲಮ್ಮ, ಇನ್ನು ಎರಡು ವಾರ ತಡೀರಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಲ್ಡ್ ವಾರ ತಾನೆ, ಅವ್ನ್ ಪಕ್ಕದಲ್ಲೇ ಕುಂತಿರ್ತೀನಿ ಬುಡಿ" ಅಂದರು. ನಂಬರ್ ಬರೆದುಕೊಳ್ಳಲು ಮಗನನ್ನೇ ಕೂಗಿದರು.