ಕೌದಿಯ ಪದರ ಜೋಡಣೆ ಮತ್ತು ಕಚ್ಚಾ ಹೊಲಿಗೆ

ಕೌದಿಯು ಹಳೆಯ ಸೀರೆ, ಧೋತರ ಮೊದಲಾದ ಬಟ್ಟೆಗಳನ್ನು ಪದರಪದರವಾಗಿ ಜೋಡಿಸಿ ಕೈಹೊಲಿಗೆಯಿಂದ ಒಂದುಗೂಡಿಸಿದ ಹೊದಿಕೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಇದನ್ನು ಹಾಸಲೂ ಹೊದೆಯಲೂ ಬಳಸುತ್ತಾರೆ. ನೋಡುವವರ ಕಣ್ಣು ಮೇಲಿನ ತೇಪೆಗಳ ಬಣ್ಣದ ಮೇಲೆಯೇ ನಿಲ್ಲುವುದು ಸಹಜ. ಆದರೆ ಕೌದಿ ಸುಕ್ಕಿಲ್ಲದೆ ಸಮನಾಗಿ ಬರುವುದು ಮುಖ್ಯ ಹೊಲಿಗೆಗೆ ಮೊದಲೇ ನಡೆಯುವ ಎರಡು ಕೆಲಸಗಳನ್ನು ಅವಲಂಬಿಸಿದೆ. ಪದರಗಳನ್ನು ಹಾಸುವುದು ಒಂದು. ಅವು ಜರುಗದಂತೆ ತಾತ್ಕಾಲಿಕವಾದ ಕಚ್ಚಾ ಹೊಲಿಗೆ ಹಾಕುವುದು ಇನ್ನೊಂದು.

ಬಟ್ಟೆಯ ಸಿದ್ಧತೆ

ಹಲವು ಸಲ ಒಗೆದ ಹತ್ತಿಯ ಬಟ್ಟೆ ಕುಗ್ಗುವಷ್ಟು ಕುಗ್ಗಿರುತ್ತದೆ. ಹೊಸ ಬಟ್ಟೆಯನ್ನು ಅದರೊಡನೆ ಹಾಗೆಯೇ ಸೇರಿಸಿದರೆ, ಮುಂದೆ ಒಗೆದಾಗ ಹೊಸ ಪದರ ಮಾತ್ರ ಕುಗ್ಗಿ ಹಳೆಯದು ಉಬ್ಬಿಕೊಳ್ಳುತ್ತದೆ. ಆದ್ದರಿಂದ ಹೊಸ ಬಟ್ಟೆಯನ್ನು ಮೊದಲೇ ನೆನೆಸಿ, ಗಂಜಿ ಬಿಡಿಸಿ, ಒಣಗಿಸಿಕೊಳ್ಳಬೇಕು.

ಪದರಗಳನ್ನು ಹಾಸುವುದು

ಗುಡಿಸಿ ಒರೆಸಿದ ನೆಲದ ಮೇಲೆ ತಳದ ಬಟ್ಟೆಯನ್ನು ಒಳಮೈ ಮೇಲಾಗುವಂತೆ ಹರಡಿ, ಅಂಚುಗಳ ಮೇಲೆ ಭಾರ ಇಡಲಾಗುತ್ತದೆ. ಬಟ್ಟೆ ಬಿಗಿಯಾಗಿದ್ದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ಎಳೆದು ಹಿಡಿದ ಬಟ್ಟೆ ಭಾರ ತೆಗೆದೊಡನೆ ಹಿಂದಕ್ಕೆ ಸರಿಯುತ್ತದೆ. ಆಗ ಅದರೊಡನೆ ಹೊಲಿದ ಮೇಲಿನ ಪದರಗಳು ನಿರಿಗೆಗಟ್ಟುತ್ತವೆ. ಸುಕ್ಕು ಹೋಗುವಷ್ಟು ಮಾತ್ರ ಎಳೆದರೆ ಸಾಕು. ತಳದ ಬಟ್ಟೆ ಎಲ್ಲ ಬದಿಗಳಲ್ಲೂ ಸುಮಾರು 2 ಅಂಗುಲ ದೊಡ್ಡದಿದ್ದರೆ ಕೊನೆಯಲ್ಲಿ ಅಂಚು ಮಡಚಲು ಅನುಕೂಲ.

ಒಳಪದರಗಳನ್ನು ಒಂದೊಂದಾಗಿ ಇಟ್ಟು, ಪ್ರತಿಯೊಂದನ್ನೂ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಬೇಕು. ಒಂದು ಪದರದ ಜೋಡಣೆ ಇನ್ನೊಂದರ ಜೋಡಣೆಯ ಮೇಲೆಯೇ ಬಂದರೆ ಅಲ್ಲಿ ಗಂಟಿನಂತೆ ದಪ್ಪವಾಗಿ ಸೂಜಿ ಇಳಿಯದು.

ಕಚ್ಚಾ ಹೊಲಿಗೆ

ಮೇಲಿನ ಬಟ್ಟೆಗಿಂತ ಬೇರೆ ಬಣ್ಣದ ದಾರದಲ್ಲಿ, ಸುಮಾರು 2 ಅಂಗುಲದ ಉದ್ದನೆಯ ಹೊಲಿಗೆಗಳನ್ನು ನಡುವಿನಿಂದ ನಾಲ್ಕೂ ದಿಕ್ಕಿಗೆ ಹಾಕಿ, ಬಳಿಕ ನಾಲ್ಕು ಬೆರಳು ಅಂತರದಲ್ಲಿ ಸಾಲುಗಳನ್ನು ತುಂಬಬೇಕು. ಹೀಗೆ ಮಾಡಿದರೆ ಉಳಿದ ಸಡಿಲ ಬಟ್ಟೆ ಅಂಚಿನತ್ತ ಸಾಗಿ ಹೊರಬೀಳುತ್ತದೆ. ಅಂಚಿನಿಂದ ಆರಂಭಿಸಿದರೆ ಅದು ನಡುವೆ ಸಿಕ್ಕಿಕೊಂಡು ಗುಳ್ಳೆಯಂತೆ ಏಳುತ್ತದೆ. ದಾರವನ್ನು ಜಗ್ಗಬಾರದು. ಎರಡು ಮೂರು ಸಾಲಿಗೊಮ್ಮೆ ತಳವನ್ನು ಮಗುಚಿ ನೋಡುವುದು ಬೇಸರದ ಕೆಲಸವಾದರೂ ಬಿಡುವಂತಿಲ್ಲ; ಅಲ್ಲಿ ಮಡಿಕೆ ಬಿದ್ದದ್ದು ಮೇಲಿನಿಂದ ಕಾಣದು. ಆಗ ಬಿಚ್ಚಬೇಕಾದದ್ದು ನಾಲ್ಕಾರು ಹೊಲಿಗೆ. ಮುಖ್ಯ ಹೊಲಿಗೆ ಮುಗಿದ ಮೇಲಾದರೆ ಹಲವು ದಿನಗಳ ದುಡಿಮೆ. ಮುಖ್ಯ ಹೊಲಿಗೆ ಪೂರ್ಣಗೊಂಡ ನಂತರ ಕಚ್ಚಾ ದಾರವನ್ನು ತೆಗೆದುಹಾಕಲಾಗುತ್ತದೆ.

ಸಿದ್ದಿಯರ ಕ್ರಮ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಪರಿಸರದ ಸಿದ್ದಿ ಮಹಿಳೆಯರ ಕೌದಿಯಲ್ಲಿ ಈ ನಿಯಮ ತಲೆಕೆಳಗಾಗಿದೆ. ಅವರು ಮೂಲೆಯಿಂದ ಹೊರಟು, ಅಂಚಿನ ಸುತ್ತ ತೇಪೆಗಳನ್ನು ಕೂಡಿಸಿ ಹೊಲಿಯುತ್ತ ಕ್ರಮೇಣ ನಡುವಿಗೆ ಬರುತ್ತಾರೆ. ಆದರೂ ನಡುಭಾಗ ಉಬ್ಬುವುದಿಲ್ಲ. ಇಲ್ಲಿ ಮೇಲ್ಪದರ ಒಂದೇ ಅಖಂಡ ಬಟ್ಟೆಯಲ್ಲ. ಪ್ರತಿ ತೇಪೆಯನ್ನೂ ಅದರ ಸರದಿ ಬಂದಾಗಲೇ ಸವರಿ ಇಟ್ಟು ಹೊಲಿಯುವುದರಿಂದ ಸಡಿಲ ಬಟ್ಟೆ ಒಂದೆಡೆ ಕೂಡಿಬೀಳಲು ಅವಕಾಶವಿರದು.